ದಿಂಬು ಗೆದ್ದ ಆಟ

ಚಿಲಿ ದೇಶದಲ್ಲಿ ಒಂದು ತಲೆದಿಂಬು ಚೌಕಾಬಾರ ಆಡಿ ಗೆದ್ದಿದೆ ಎಂದು ಬೆನೆಡಿಕ್ಟಾ ಲೋಬೊ ಫೋನಿನಲ್ಲಿ ಹೇಳಿದಾಗ ತುಳಸಾ ನಕ್ಕುಬಿಟ್ಟಳು. ಬೆನೆಡಿಕ್ಟಾ ನಗಲಿಲ್ಲ. ಮಂಗಳೂರಿನ ಆ ಹೆಂಗಸು ತಮಾಷೆಗೆಂದು ಫೋನು ಮಾಡುವವಳಲ್ಲ ಎಂಬುದು ನೆನಪಾಗಿ ತುಳಸಾಳ ನಗು ಅರ್ಧಕ್ಕೇ ನಿಂತಿತು.

“ತಲೆಪಟ್ಟಿಯನ್ನು ದಿಂಬಿಗೆ ಕಟ್ಟಿದ್ದಾರೆ ಮಾರಾಯ್ತಿ. ನಮ್ಮ ಪೈಕಿಯವನೇ, ಅಲ್ಲಿಯ ಒಬ್ಬ ಸ್ವಯಂಸೇವಕ. ಸುಮ್ಮನೆ ಪರೀಕ್ಷೆ ಮಾಡುವ ಅಂತ ಎದುರಿಗೆ ತಾನೇ ಕೂತು ಆಡಿದ್ದಾನೆ. ಆಡಿದಷ್ಟು ಸಲವೂ ಗೆದ್ದದ್ದು ದಿಂಬು.”

“ಅದ್ಹೆಂಗ ಆಗತೈತ್ರಿ?”

“ಅದನ್ನು ನಿನ್ನ ಹತ್ರ ಕೇಳುವ ಅಂತಲೇ ಫೋನ್ ಮಾಡಿದ್ದು. ಆ ಭಾಗ ಬರೆದದ್ದು ನೀನಲ್ವಾ?”

ಇದರಲ್ಲಿ ನಗುವಂಥದ್ದು ಯಾಕೆ ಏನೂ ಇರಲಿಲ್ಲ ಎಂದು ತಿಳಿಯಬೇಕಾದರೆ ಆ ಕಾಲದ ಒಂದು ಯಂತ್ರದ ಬಗ್ಗೆ ಮತ್ತು ಒಂದು ಕಾನೂನಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಯಂತ್ರವೆಂದರೆ ಹಣೆಗೆ ಕಟ್ಟುವ ಒಂದು ಪಟ್ಟಿ. ನಮಗೆ ಬೇಕಾದುದರ ಹೆಸರು ಕಿವಿಗೆ ಬಿದ್ದೊಡನೆ ಮೆದುಳಿನಲ್ಲಿ ‘ಹಾಂ, ಇದೇ’ ಎನ್ನುವಂಥ ಸಣ್ಣದೊಂದು ವಿದ್ಯುತ್ತಿನ ಅಲೆ ಏಳುತ್ತದೆ. ಪಟ್ಟಿ ಅದನ್ನು ಹಿಡಿದು, ಜೊತೆಗಿರುವ ಡಬ್ಬಿಗೆ ಕಳಿಸುತ್ತದೆ. ಕೈಕಾಲು, ನಾಲಗೆ, ಕೊನೆಗೆ ಕಣ್ಣುರೆಪ್ಪೆಯೂ ಅಲುಗದೆ ಮಲಗಿದವರು ಕೂಡ ಹೀಗೆ ‘ಇದು ಬೇಕು’ ಎಂದು ಆರಿಸಬಹುದು. ತೊಡಕೆಂದರೆ, ‘ನಿಮಗೆ ಬದುಕಬೇಕೆನ್ನಿಸುತ್ತದೆಯೇ’ ಎಂಬಂಥ ಪ್ರಶ್ನೆ ಕೇಳಿದರೆ ದುಃಖ, ಹೆದರಿಕೆ, ಆಸೆ ಎಲ್ಲ ಒಟ್ಟಿಗೆ ಎದ್ದು ಅಲೆ ಕಲಸಿಹೋಗುತ್ತದೆ. ಎದೆ ಅಲುಗಿಸದ ಸಣ್ಣಪುಟ್ಟ ಆಯ್ಕೆಗಳಲ್ಲಿ ಮಾತ್ರ ಅದು ತಿಳಿಯಾಗಿ ಕಾಣುತ್ತದೆ. ಅಲೆ ಕಂಡರೂ ಸಾಲದು. ಫ್ಯಾನಿನದು, ಪಕ್ಕದ ಮನೆಯ ಮಿಕ್ಸಿಯದು ಹೀಗೆ ಗಾಳಿಯಲ್ಲಿ ಸಾವಿರ ಅಲೆ. ಆದ್ದರಿಂದ ಒಳಗೆ ಆಳಿದ್ದಾರೋ ಇಲ್ಲವೋ ಎಂಬುದನ್ನು ತಿಳಿಯಲು ಉಳಿದ ದಾರಿ ಒಂದೇ: ಅವರೊಡನೆ ಆಟ ಆಡಿ, ನಡೆಗಳಲ್ಲಿ ಬುದ್ಧಿ ಕಾಣುತ್ತದೆಯೇ ಎಂದು ನೋಡುವುದು.

ಕಾನೂನು ಇದಕ್ಕಿಂತ ಸರಳ. ಉಸಿರಾಡಿಸುವ ಯಂತ್ರಗಳು ಕಡಿಮೆ, ಕಾಯುವವರು ಬಹಳ. ಹಾಗಾಗಿ ಸರ್ಕಾರ ಸ್ಪಂದನ ಮಂಡಳಿ ಎಂಬುದೊಂದನ್ನು ಮಾಡಿತು. ಒಳಗೆ ಆಳಿದ್ದರೆ ಯಂತ್ರ ತೆಗೆಯುವ ಹಾಗಿಲ್ಲ, ಯಾರು ಹೇಳಿದರೂ ಇಲ್ಲ, ಜೀವ ಇರುವ ತನಕ ಇಲ್ಲ. ಆಳಿಲ್ಲದಿದ್ದರೆ ಇಡುವ ಹಾಗಿಲ್ಲ. ಒಳಗಿರುವ ಆಳಿಗೆ ಏನು ಬೇಕು ಎಂಬ ಕಲಮು ಅದರಲ್ಲಿ ಇರಲಿಲ್ಲ. ಕಾನೂನು ಬರೆಯುವವರು ಮಲಗಿದವರನ್ನು ಕೇಳಿ ಬರೆಯುವುದಿಲ್ಲವಷ್ಟೆ.

ಮಂಡಳಿ ಆಟವೊಂದನ್ನು ಹುಡುಕಿದಾಗ ಕೈಗೆ ಸಿಕ್ಕಿದ್ದು ‘ಎಲ್ಲರ ಮನೆ’. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ಸೇರಿ ಬರೆದ ಚೌಕಾಬಾರ ಅದು. ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು; ಹಿರಿಯರು ನೋಡಿ ಒಪ್ಪಿದರೆ ಅದು ಆಟಕ್ಕೆ ಸೇರುತ್ತದೆ. ಕುರುಡರು ಕಿವಿಯಿಂದ, ಕಿವುಡರು ಕಣ್ಣಿಂದ, ಎರಡೂ ಇಲ್ಲದವರು ಬೆರಳ ತುದಿಯ ಕಂಪನದಿಂದ ಆಡಬಹುದು. ಮೊಬೈಲಿರಲಿ, ಹಳೆಯ ಟಿವಿ ಇರಲಿ, ಗಾಲಿಕುರ್ಚಿಯ ಪರದೆಯಿರಲಿ, ತಲೆಪಟ್ಟಿಯ ಡಬ್ಬಿಯಿರಲಿ, ಎಲ್ಲದರಲ್ಲೂ ಒಂದೇ ಆಟ. ಹುಟ್ಟು ಕುರುಡಿಯಾದ ಬೆನೆಡಿಕ್ಟಾ ಅದರ ಮುಖ್ಯಸ್ಥೆ. ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತುಳಸಾ ಬಡಿಗೇರ ಬಿಡುವಿನಲ್ಲಿ ಬರೆದುಕೊಡುವವಳು. ಒಂದೇ ಗುಂಡಿ ಒತ್ತಬಲ್ಲವರ, ಅದನ್ನೂ ಒತ್ತಲಾರದವರ ಆಟದ ಭಾಗವೆಲ್ಲ ಅವಳ ಕೈಯದು.

ಆ ಭಾಗದಲ್ಲಿ ‘ಆಸರೆ’ ಎಂಬುದೊಂದಿತ್ತು. ಕೈ ನಡುಗುವವರು ಯಾವ ಕಾಯಿ ಆರಿಸಿದರೆಂದು ಸ್ಪಷ್ಟವಾಗದಿದ್ದರೆ ಆಟವೇ ಒಳ್ಳೆಯ ನಡೆಯೊಂದನ್ನು ಆರಿಸಿಕೊಡಲಿ, ಎದುರಾಳಿಯ ಮುಂದೆ ಅವರ ಮುಖ ಬಾಡದಿರಲಿ ಎಂದು ತುಳಸಾ ಅದನ್ನು ಬರೆದಿದ್ದಳು. ಮೊಬೈಲಿನಲ್ಲಿ ಆಸರೆ ಕೈ ಹಾಕಿದಾಗ ‘ಆಸರೆ’ ಎಂದು ದನಿ ಬರುತ್ತದೆ, ಬೇಡವೆಂದರೆ ನಿಲ್ಲಿಸಿಕೊಳ್ಳಬಹುದು. ತಲೆಪಟ್ಟಿಯ ಡಬ್ಬಿಗೆ ಆಟ ಹೊಂದಿಸುವಾಗ ಜಾಗ ಸಾಲದೆ ಆ ದನಿ ಬಿಟ್ಟುಹೋಯಿತು, ನಿಲ್ಲಿಸುವ ಅನುಕೂಲವೂ ಬಿಟ್ಟುಹೋಯಿತು. ಆಸರೆ ಮಾತ್ರ ಸದ್ದಿಲ್ಲದೆ ಒಳಗೆ ಉಳಿಯಿತು. ಆ ಹೊಂದಾಣಿಕೆಯನ್ನು ಅವಸರದಲ್ಲಿ ಮಾಡಿದವಳೂ ತುಳಸಾಳೇ. ಅವಸರಕ್ಕೆ ಕಾರಣ ಅವಳ ಅಕ್ಕ ಪದ್ಮವ್ವ.

ಹಳೇ ಹುಬ್ಬಳ್ಳಿಯ ಪದ್ಮವ್ವ ಕೌದಿ ಹೊಲಿಯುವವಳು. ಅವಳು ಒಂದು ಕಡೆ ಕೂತು ಮಾತಾಡಿದರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ ಬಿದ್ದವಳು ಮತ್ತೆ ಏಳಲಿಲ್ಲ, ಅಲುಗಲಿಲ್ಲ. ಗಂಟಲಿಗೆ ತೂತು, ತೂತಿಗೆ ಕೊಳವೆ, ಕೊಳವೆಗೆ ಯಂತ್ರ. ಅಕ್ಕನನ್ನು ಹೇಗಾದರೂ ಮಾಡಿ ಮುಟ್ಟಬೇಕು ಎಂದು ತುಳಸಾ ಹಗಲಿರುಳು ಕೂತು ಡಬ್ಬಿಗೆ ಆಟ ಹೊಂದಿಸಿದಳು. ಪಟ್ಟಿ ಕಟ್ಟಿದ ಮೊದಲ ದಿನವೇ ಅಕ್ಕ ಆಡಿದಳು. ಆಡಿದಳೆಂದರೆ ಹಾಗೆ ಹೀಗೆ ಅಲ್ಲ, ತಂಗಿಯ ಕಾಯಿಗಳನ್ನು ಹೊಡೆದು ಹೊಡೆದು ಮನೆಗೆ ಅಟ್ಟಿದಳು. ಅವತ್ತಿನಿಂದ ಕೆಲಸ ಮುಗಿದೊಡನೆ ಧಾರವಾಡದ ಬಸ್ಸು ಹಿಡಿದು ಬಂದು ಅಕ್ಕನೊಂದಿಗೆ ಒಂದಾಟ ಆಡಿ ಹೋಗುವುದು ತುಳಸಾಳ ರೂಢಿ. ಸೋತು ನಗುನಗುತ್ತ ಹೋಗುತ್ತಿದ್ದಳು. ಅಕ್ಕ ಒಳಗೆ ಇದ್ದಾಳೆ, ಮೊದಲಿಗಿಂತ ಚುರುಕಾಗಿದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ ಅವಳು ಬದುಕಿದ್ದಳು ಎಂದರೂ ಸರಿಯೇ.

ಈಗ ದಿಂಬೂ ಅಷ್ಟೇ ಚುರುಕು ಎಂದು ಗೊತ್ತಾಯಿತು.

“ನಾನು ನೋಡಿ ಒಪ್ಪಿದ್ದು. ಹಾಗಾಗಿ ನನ್ನದೂ ತಪ್ಪು ಉಂಟು,” ಅಂದಳು ಬೆನೆಡಿಕ್ಟಾ. “ಇನ್ನು ತಿದ್ದಿ ಹೊರಗೆ ಬಿಡಬೇಕು. ಮಂಡಳಿಗಳಿಗೆಲ್ಲ ತಿಳಿಸಬೇಕು.”

“ಮುಂದಿನ ವಾರ ನಮ್ಮಕ್ಕನ ವಿಚಾರಣೆ ಐತ್ರಿ ಬೆನೆಡಿಕ್ಟಾ ಅವರ. ಅದೊಂದು ಮುಗೀಲಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಬೆನೆಡಿಕ್ಟಾ ಒಪ್ಪಲಿಲ್ಲ.

“ತುಳಸಾ, ನಾನು ರಸ್ತೆ ಬದಿಯಲ್ಲಿ ಯಾರಿಗೋ ಕಾಯ್ತಾ ನಿಂತಿರ್ತೇನೆ. ಪಾಪ ಕುರುಡಿ ಅಂತ ಕೈ ಹಿಡಿದು ಆಚೆ ಬದಿಗೆ ದಾಟಿಸಿ ಹೋದವರು ಎಷ್ಟು ಜನ ಗೊತ್ತುಂಟಾ? ನನಗೆ ದಾಟಲಿಕ್ಕೇ ಇರಲಿಲ್ಲ. ನಿಜವಾಗಿ ಒಳಗೆ ಇರುವವರ ಅಲೆ ಮೆಲ್ಲಗೆ ಬರ್ತದೆ. ನಮ್ಮ ಆಸರೆ ಅಷ್ಟರ ತನಕ ಕಾಯುದಿಲ್ಲ. ಅವರು ಒಂದು ಹೇಳುವಷ್ಟರಲ್ಲಿ ಇದು ಇನ್ನೊಂದು ಹೇಳಿ ಮುಗಿಸ್ತದೆ. ನಿನ್ನ ಅಕ್ಕ ಇಷ್ಟು ದಿನ ಏನು ಹೇಳ್ಲಿಕ್ಕೆ ಹೊರಟಿದ್ದಳೋ, ನೀನು ಕೇಳಿದ್ದೀಯಾ?”

ತುಳಸಾ ಫೋನು ಇಟ್ಟಳು. ಬೆನೆಡಿಕ್ಟಾಳನ್ನು ಮನಸ್ಸಿನಲ್ಲೇ ಬೈದಳು, ಚಿಲಿಯವನನ್ನು ಬೈದಳು, ದಿಂಬು ಕಂಡುಹಿಡಿದವನನ್ನೂ ಬಿಡಲಿಲ್ಲ. ಬೈಯುತ್ತಲೇ ಕೂತು ತಿದ್ದುಪಡಿ ಬರೆದಳು. ತನಗೆ ಅಕ್ಕನನ್ನು ಕೊಟ್ಟಿದ್ದ ಆಸರೆ ಎರಡು ಸಾಲಿನಲ್ಲಿ ಅಳಿಸಿಹೋಯಿತು. ಅದು ಸರಿಯಾಗಿ ಓಡುತ್ತದೆಂದು ನೋಡಿ ಬೆನೆಡಿಕ್ಟಾಳಿಗೆ ಕಳಿಸಿ, ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಪದ್ಮವ್ವನ ಗಂಡ ಈರಬಸಪ್ಪ ವೈರಿಂಗ್ ಕೆಲಸದವನು. ಹೆಂಡತಿ ಬಿದ್ದ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದ. ಅವಳನ್ನು ಮಗ್ಗುಲು ಹೊರಳಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಕೊಳವೆಯ ಕಫ ಎಳೆಯುವುದು, ಕರೆಂಟು ಹೋದರೆ ಬ್ಯಾಟರಿಗೆ ಓಡುವುದು ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ತುಳಸಾ ಅವನಿಗೆ ಮಾಮಾ ಅನ್ನುತ್ತಿದ್ದಳು. ದಿಂಬಿನ ಸಂಗತಿ ಹೇಳಿದಾಗ ಅವನು ಆಶ್ಚರ್ಯಪಡಲಿಲ್ಲ, ಬಟ್ಟೆ ಮಡಚುತ್ತಲೇ ಇದ್ದ.

“ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ,” ಅಂದ. “ಹಿಂದೊಮ್ಮೆ ಆಕಿ ತಲಿ ಹಿಕ್ಕಿ ಬಾಚಾಕಂತ ಪಟ್ಟಿ ಬಿಚ್ಚಿ ಕಾಟಿನ ಮ್ಯಾಲ ಇಟ್ಟಿದ್ದೆ. ಆಟ ನಡದಿತ್ತು. ಡಬ್ಬಿ ತಾನ ಕಾಯಿ ನಡಿಸಿ ನಿನ್ನ ಕಾಯಿ ಹೊಡೀತು.”

“ಮತ್ತ ನನಗ್ಯಾಕ ಹೇಳಲಿಲ್ಲ ಮಾಮಾ?”

“ನೀ ಅಡಗಿಮನ್ಯಾಗ ಇದ್ದಿ. ಅಲ್ಲಿಂದನ ಕೇಳಿಸಿಕೊಂಡು ‘ಅಕ್ಕ ಮತ್ತ ಹೊಡದ್ಲು ನೋಡ್ರಿ’ ಅಂತ ನಕ್ಕಿ. ಈ ಮನ್ಯಾಗ ನಗೂವಂಥವರು ಮತ್ತ ಯಾರು ಇದ್ರು? ಅದಕ್ಕ ಸುಮ್ಮನಾದೆ.”

ತುಳಸಾಳಿಗೆ ಅಳು ಬಂತು, ಅತ್ತಳು. ಈರಬಸಪ್ಪ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದ. ಅವನು ಕೆಟ್ಟವನಲ್ಲ, ದಣಿದವನು. ಒಂದು ವರ್ಷ ಗೊತ್ತಿದ್ದೂ ಒಂದು ದಿನವೂ ಹೊರಳಿಸುವುದನ್ನು ತಪ್ಪಿಸದವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಆಸರೆಯಿಲ್ಲದ ಆಟ ಅಂದೇ ಶುರುವಾಯಿತು. ಡಬ್ಬಿ ಕವಡೆ ಎಸೆದ ಸದ್ದು ಮಾಡುತ್ತದೆ, ಎಷ್ಟು ಬಿತ್ತೆಂದು ಹೇಳುತ್ತದೆ, ಆಮೇಲೆ ಅಕ್ಕನ ಕಾಯಿಗಳ ಹೆಸರನ್ನು ಒಂದೊಂದಾಗಿ ಕರೆಯುತ್ತದೆ. ಹುಣಸೆಬೀಜ. ಬಳೆಚೂರು. ಗುಂಡಿ. ಹರಳು. ಮತ್ತೆ ಹುಣಸೆಬೀಜ. ಮೊದಲು ಚಕಚಕನೆ ನಡೆಯುತ್ತಿದ್ದ ಕಾಯಿಗಳು ಈಗ ನಡೆಯಬೇಕಾದರೆ ಡಬ್ಬಿ ಹತ್ತಿಪ್ಪತ್ತು ಸುತ್ತು ಹೆಸರು ಕರೆಯಬೇಕಾಯಿತು. ಒಲೆಯ ಮೇಲಿನ ಬೇಳೆ ಬೆಂದು ತಳ ಹಿಡಿದರೂ ಒಂದು ನಡೆ ಮುಗಿಯುತ್ತಿರಲಿಲ್ಲ. ಮುಗಿದಾಗ ನೋಡಿದರೆ ಅದು ಹುಚ್ಚು ನಡೆ. ತುಳಸಾಳ ಕಾಯಿ ಹೊಡೆಯಲು ಸರಿಯಾಗಿ ಎದುರಿಗೆ ಕೂತಿರುತ್ತಿತ್ತು. ಅಕ್ಕ ಅದನ್ನು ಬಿಟ್ಟು ಮೂಲೆಯ ಯಾವುದೋ ಕಾಯಿಯನ್ನು ನಡೆಸುತ್ತಿದ್ದಳು.

ಮಂಡಳಿ ಎಣಿಸುತ್ತಿದ್ದುದು ಇದನ್ನೇ. ಚೌಕಾಬಾರದಲ್ಲಿ ಉಳಿದ ನಡೆಗಳನ್ನು ಹೇಗೆ ಆಡಿದರೂ ಒಂದು ಸಮಾಧಾನ ಹೇಳಬಹುದು. ಹೊಡೆಯುವ ಅವಕಾಶ ಬಿಡುವುದಕ್ಕೆ ಮಾತ್ರ ಸಮಾಧಾನವಿಲ್ಲ. ಹೊಡೆದರೆ ಬುದ್ಧಿ, ಬಿಟ್ಟರೆ ಗಾಳಿಯ ಅಲೆ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ ಹಾಗೇ. ಅಷ್ಟರಲ್ಲಿ ಬೆನೆಡಿಕ್ಟಾ ತಿದ್ದುಪಡಿಯನ್ನು ಒಪ್ಪಿ ಹೊರಗೆ ಬಿಟ್ಟಾಗಿತ್ತು. ಪುಣೆಯಿಂದ, ಕೊಲಂಬೊದಿಂದ, ಹೆಸರೇ ಕೇಳದ ಊರುಗಳಿಂದ ಜನ ಯೋಜನೆಯ ವೇದಿಕೆಯಲ್ಲಿ ಬರೆಯುತ್ತಿದ್ದರು. ನಿನ್ನೆಯವರೆಗೆ ಆಡುತ್ತಿದ್ದ ನನ್ನ ಮಗ ಇವತ್ತು ಆಡುತ್ತಿಲ್ಲ, ಏನು ಮಾಡಿದಿರಿ ಎಂದು ಒಬ್ಬ ತಾಯಿ ಕೇಳಿದ್ದಳು. ತುಳಸಾ ಅದಕ್ಕೆ ಉತ್ತರ ಬರೆಯಲು ಕೂತು, ಬರೆಯಲಾಗದೆ ಎದ್ದಳು.

“ಬಿಡವ್ವಾ ಇನ್ನ,” ಅಂದ ಈರಬಸಪ್ಪ. “ಆಕಿ ಬಿದ್ದ ದಿನಾನ ಹೋಗ್ಯಾಳ. ನಾವಿಬ್ಬರೂ ಯಂತ್ರಕ್ಕ ಸ್ನಾನ ಮಾಡಸಾಕತ್ತೀವಿ.”

ತುಳಸಾ ಹಟಕ್ಕೆ ಬಿದ್ದವಳಂತೆ ಆಟ ಮುಂದುವರಿಸಿದಳು. ಬೇಕೆಂದೇ ತನ್ನ ಕಾಯಿಗಳನ್ನು ಅಕ್ಕನ ಬಾಯಿಗೆ ಒಡ್ಡಿದಳು. ಹೊಡಿ ಅಕ್ಕಾ, ಒಂದ ಸಲ ಹೊಡಿ ಎಂದು ಗೋಗರೆದಳು. ಅಕ್ಕ ಹೊಡೆಯಲಿಲ್ಲ. ಸಲ ಸಲಕ್ಕೂ ಹೊಡೆಯಲಿಲ್ಲ.

ಸಲ ಸಲಕ್ಕೂ?

ತುಳಸಾ ಕಾಯಿಯ ಮೇಲಿಟ್ಟ ಕೈಯನ್ನು ಹಾಗೇ ತಡೆದಳು. ನಾಲ್ಕು ಕಾಯಿಗಳಲ್ಲಿ ಯಾವುದನ್ನೋ ಒಂದನ್ನು ಕುರುಡಾಗಿ ಆರಿಸುವ ದಿಂಬು ಕೂಡ ನಾಲ್ಕಕ್ಕೆ ಒಮ್ಮೆಯಾದರೂ ಅಪ್ಪಿತಪ್ಪಿ ಹೊಡೆಯಬೇಕು. ಇಷ್ಟು ದಿನ, ಇಷ್ಟು ಅವಕಾಶ, ಅಕ್ಕ ಅಪ್ಪಿತಪ್ಪಿಯೂ ಹೊಡೆದಿಲ್ಲ. ದಿಂಬಿಗಿಂತ ದಡ್ಡಳಾಗಲು ಸಾಧ್ಯವೇ ಇಲ್ಲ. ದಿಂಬಿಗಿಂತ ಕಡಿಮೆ ಹೊಡೆಯಬೇಕಾದರೆ ಹೊಡೆಯಬಾರದೆಂದು ಗೊತ್ತಿರಬೇಕು.

“ಮಾಮಾ, ನಮ್ಮವ್ವನ ಮನ್ಯಾಗ ಚೌಕಾಬಾರ ಹೆಂಗ ಆಡ್ತಿದ್ರು ನಿಮಗ ನೆನಪೈತೇನು?”

ಈರಬಸಪ್ಪನಿಗೆ ಎಲ್ಲಿಂದ ನೆನಪಿರಬೇಕು? ತುಳಸಾಳಿಗೇ ಮರೆತುಹೋಗಿತ್ತು. ಅವರವ್ವನದು ಒಂದು ವಿಚಿತ್ರ ರೀತಿ. ಮನೆಗೆ ಬಂದವರ ಕಾಯಿಯನ್ನು ಮನೆಯವರು ತಾವಾಗಿ ಹೊಡೆಯಬಾರದು. ಬಂದವರಿಗೆ ನೀರು ಕೊಡಬೇಕು, ಹೊಡೆತ ಕೊಡಬಾರದು ಎಂದು ಆಕೆಯ ವಾದ. ಓಣಿಯ ಹುಡುಗಿಯರು ಬಂದು ದಿನವೂ ಗೆದ್ದು ಹೋಗುತ್ತಿದ್ದರು; ಪದ್ಮವ್ವ ಹಲ್ಲು ಕಚ್ಚಿಕೊಂಡು ಸೋಲುತ್ತಿದ್ದಳು. ಅವಳ ಮದುವೆಯಾದ ಹೊಸದರಲ್ಲಿ ತುಳಸಾ ಮೊದಲ ಸಲ ಈ ಮನೆಗೆ ಬಂದಾಗಲೂ ಅಕ್ಕ ಹೊಡೆಯಲಿಲ್ಲ. ಕೇಳಿದರೆ, ನೀ ಈಗ ನನ್ನ ಮನಿಗೆ ಬಂದಾಕಿ ಅಂದಿದ್ದಳು. ಈಗಲೂ ದಿನವೂ ಧಾರವಾಡದಿಂದ ಬಸ್ಸಿಳಿದು ಬರುತ್ತಿದ್ದ ತುಳಸಾ ಈ ಮನೆಗೆ ಬಂದವಳೇ. ಅಕ್ಕ ಹೊಡೆಯದೆ ಬಿಟ್ಟದ್ದನ್ನೆಲ್ಲ ಆಸರೆ ಒಂದು ವರ್ಷ ಅಕ್ಕನ ಹೆಸರಿನಲ್ಲಿ ಹೊಡೆದುಹಾಕಿತ್ತು. ಅದನ್ನು ಅಕ್ಕ ಕಿವಿಯಾರೆ ಕೇಳುತ್ತ ಮಲಗಿದ್ದಳು.

“ಮಾಮಾ, ನೀವು ಕೂಡ್ರಿ ಇಲ್ಲಿ.”

“ನನಗೆಲ್ಲಿ ಬರತೈತಿ ಆಟ?”

“ಬರದಿದ್ರ ಇನ್ನೂ ಚಲೋ. ಅಕ್ಕಾ, ಈಗ ನಾ ಆಡಾಕತ್ತಿಲ್ಲ. ಎದುರಿಗೆ ಮಾಮಾ ಕೂತಾರ. ನಿನ್ನ ಗಂಡ.”

ಈರಬಸಪ್ಪ ಏನೂ ತಿಳಿಯದೆ ತನ್ನ ಕಾಯಿಯೊಂದನ್ನು ಬಯಲಿಗೆ ತಂದು ನಿಲ್ಲಿಸಿದ. ಡಬ್ಬಿ ಅಕ್ಕನ ಕಾಯಿಗಳನ್ನು ಕರೆಯಿತು. ಹುಣಸೆಬೀಜ. ಬಳೆಚೂರು. ಗುಂಡಿ. ಹರಳು. ಸುತ್ತಿನ ಮೇಲೆ ಸುತ್ತು. ಗುಂಡಿ ನಡೆಯಿತು, ಗಂಡನ ಕಾಯಿಯನ್ನು ಹೊಡೆಯಿತು. ಇನ್ನೊಂದು ಕಾಯಿ ತಂದ, ಅದನ್ನೂ ಹೊಡೆಯಿತು. ಮತ್ತೊಂದು ತಂದ, ಅದೂ ಹೋಯಿತು. ತುಳಸಾ ಬಂದು ಕೂತಳು, ಹೊಡೆತ ನಿಂತಿತು. ಅವಳು ಎದ್ದಳು, ಮತ್ತೆ ಶುರುವಾಯಿತು.

ತುಳಸಾ ಅಕ್ಕನ ಹಾಸಿಗೆಯ ಮೇಲೆ ಬಿದ್ದು ಅವಳ ಕಾಲು ತಬ್ಬಿಕೊಂಡಳು. ಈರಬಸಪ್ಪ ಬಚ್ಚಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರೂ ಕಣ್ಣು ಕೆಂಪಾಗಿದ್ದವು.

“ಒಳಗ ಅದಾಳ,” ಅಂದ. “ಅಂದ್ರ ಎಲ್ಲಾ ಕೇಳ್ಯಾಳ. ಇದು ಎಂದ ಮುಗೀತೈತೋ ಅಂತ ನಮ್ಮ ಅಣ್ಣನ ಮುಂದ ಇಲ್ಲೇ ನಿಂತು ಅಂದೇನಿ. ಹುಣ್ಣು ತೊಳಿಯೂವಾಗ ನೋವಾಗೂದಿಲ್ಲ ಅಂತ ತಿಳದು ಗಸಗಸ ತಿಕ್ಕೇನಿ, ತುಳಸಾ. ವರ್ಷಪೂರ್ತಿ.”

ಅವಳು ಅದಕ್ಕೆ ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ. ಕಳೆದದ್ದು ಸಿಕ್ಕಿದವರಿಗೆ ಅದರ ಮೈಮೇಲಿನ ಗಾಯ ಕಾಣುವುದು ತಡವಾಗಿಯೇ. ಅಕ್ಕನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದಳು. ಮಂಡಳಿಯ ಮುಂದೆ ಏನಾಗುತ್ತದೆ, ಯಾರು ಎದುರಿಗೆ ಕೂರುತ್ತಾರೆ, ಗೆದ್ದರೆ ಏನು, ಸೋತರೆ ಏನು. ಇದನ್ನು ಇಷ್ಟು ದಿನ ಯಾರೂ ಪದ್ಮವ್ವನಿಗೆ ಹೇಳಿರಲಿಲ್ಲ; ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

“ಅಲ್ಲೂ ಹಿಂಗ ಆಡು ಅಕ್ಕಾ. ಮಾಮಾಗ ಹೊಡಿ, ನನಗ ಬ್ಯಾಡ. ಇಷ್ಟ ಮಾಡಿದ್ರ ಸಾಕು, ಯಂತ್ರ ಯಾರೂ ತಗಿಯಂಗಿಲ್ಲ. ಜೀವ ಇರೂತನಾ ತಗಿಯಂಗಿಲ್ಲ.”

ಬೆನೆಡಿಕ್ಟಾ ಫೋನಿನಲ್ಲಿ ಕೇಳಿ ಸಂತೋಷಪಟ್ಟಳು, ಆದರೆ ತನ್ನ ಗುಣ ಬಿಡಲಿಲ್ಲ. “ಕಾಯಿ ನಡೆದ ಮೇಲೆ ಅದಕ್ಕೊಂದು ನಿಯಮ ಹುಡುಕಿದರೆ ಯಾರೂ ಒಪ್ಪುದಿಲ್ಲ ಮಾರಾಯ್ತಿ. ಅವಳು ಹೀಗೆ ಆಡ್ತಾಳೆ ಅಂತ ಮೊದಲೇ ಬರೆದು ಕೊಡು. ಆಮೇಲೆ ಆಡ್ಲಿ. ಎದುರಿಗೆ ಯಾರು ಕೂರುವುದು ಅಂತ ಮಂಡಳಿಯವರೇ ಹೇಳ್ಲಿ, ನೀವಲ್ಲ.”

ತುಳಸಾ ಹಾಗೆಯೇ ಬರೆದುಕೊಟ್ಟಳು. ಮಂಡಳಿಯ ಅಧ್ಯಕ್ಷೆ ಡಾಕ್ಟರ್ ನಫೀಸಾ ಕಿತ್ತೂರ ಓದಿ, ಇಂಥ ನಿಯಮ ತಾನು ಎಲ್ಲೂ ಕೇಳಿಲ್ಲವೆಂದು ನಕ್ಕು, ಒಪ್ಪಿಕೊಂಡಳು. ಬರೆದುಕೊಟ್ಟಂತೆ ಆಡಿದರೆ ಆಳಿದ್ದಾರೆಂದು ಲೆಕ್ಕ, ಆಡದಿದ್ದರೆ ಇಲ್ಲ.

ವಿಚಾರಣೆಯ ದಿನ ಪದ್ಮವ್ವನನ್ನು ಆಂಬುಲೆನ್ಸಿನಲ್ಲಿ ಮಂಡಳಿಯ ಕಚೇರಿಗೆ ತಂದರು. ಗೋಡೆಗೆ ಹೊಸ ಸುಣ್ಣ ಹೊಡೆದ, ಫಿನಾಯಿಲ್ ವಾಸನೆಯ ದೊಡ್ಡ ಕೋಣೆ. ನಡುವೆ ಸ್ಟ್ರೆಚರು, ಪಕ್ಕದಲ್ಲಿ ಉಸಿರಿನ ಯಂತ್ರ, ಎದುರಿಗೆ ಪರದೆ. ತುಳಸಾ ತಾನೇ ಅಕ್ಕನ ತಲೆ ಬಾಚಿ ಪಟ್ಟಿ ಕಟ್ಟಿದಳು.

ಡಾಕ್ಟರು ನಾಣ್ಯ ಚಿಮ್ಮಿ ನೋಡಿದಳು. “ಪದ್ಮವ್ವ ಅವರ, ಈಗ ನಿಮ್ಮ ಯಜಮಾನರು ಆಡ್ತಾರ,” ಅಂದಳು. ಪರೀಕ್ಷೆಯಲ್ಲಿ ಹೊಡೆಯುವ ಅವಕಾಶವನ್ನು ಆಟವೇ ಹೊಂದಿಸಿಕೊಡುತ್ತಿತ್ತು. ಈರಬಸಪ್ಪನ ಕಾಯಿ ಗುಂಡಿಯ ಎದುರಿಗೆ ಬಂದು ನಿಂತಿತು. ಡಬ್ಬಿ ಹೆಸರು ಕರೆಯಿತು.

ಹುಣಸೆಬೀಜ ನಡೆಯಿತು. ಅಕ್ಕ ಹೊಡೆಯಲಿಲ್ಲ.

ಗಾಬರಿಯಾಗಿರಬೇಕು, ಹೊಸ ಜಾಗ, ಹೊಸ ದನಿ ಎಂದುಕೊಂಡಳು ತುಳಸಾ. ಎರಡನೆಯ ಸಲವೂ ಅಕ್ಕ ಗಂಡನ ಕಾಯಿ ಬಿಟ್ಟಳು. ಮೂರನೆಯ ಸಲವೂ ಬಿಟ್ಟಳು. ಈರಬಸಪ್ಪನ ಸರದಿ ಮುಗಿಯುವವರೆಗೆ ಅವನ ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಪರದೆಯ ಮೇಲೆ ಕೆಂಪು ಗುರುತುಗಳು ಸಾಲಾಗಿ ನಿಂತಿದ್ದವು.

“ಈಗ ನಿಮ್ಮ ತಂಗಿ ಆಡ್ತಾರ,” ಅಂದಳು ಡಾಕ್ಟರು.

ತುಳಸಾ ಕೂತಳು. ಅವಳ ಕಾಯಿ ಹರಳಿನ ಎದುರಿಗೆ ಬಂತು. ಡಬ್ಬಿ ಒಂದು ಸುತ್ತು ಹೆಸರು ಕರೆಯುವಷ್ಟರಲ್ಲೇ, ಮನೆಯಲ್ಲಿ ಎಂದೂ ಇಲ್ಲದಷ್ಟು ಬೇಗ, ಹರಳು ನಡೆದು ತುಳಸಾಳ ಕಾಯಿಯನ್ನು ಹೊಡೆಯಿತು. ಎರಡನೆಯದನ್ನು ಹೊಡೆಯಿತು. ಮೂರನೆಯದನ್ನು ಹೊಡೆಯಿತು. ಹುಟ್ಟಿದಾಗಿನಿಂದ ತನ್ನ ಮನೆಗೆ ಬಂದ ಯಾರ ಕಾಯಿಯನ್ನೂ ಹೊಡೆಯದವಳು ತಂಗಿಯ ಕಾಯಿಗಳನ್ನು ಒಂದನ್ನೂ ಬಿಡದೆ ಹೊಡೆದಳು. ನಡುವೆ ಎಲ್ಲೋ ತುಳಸಾಳಿಗೆ ತಿಳಿಯಿತು. ತಿಳಿದ ಮೇಲೂ ಆಟ ಮುಗಿಯುವವರೆಗೆ ಕೂತು ಹೊಡೆಸಿಕೊಳ್ಳಬೇಕಾಯಿತು.

ಬರೆದುಕೊಟ್ಟಿದ್ದೆಲ್ಲ ತಪ್ಪಾಗಿತ್ತು. ಒಂದಲ್ಲ, ಎರಡಲ್ಲ, ಎಲ್ಲವೂ. ದಿಂಬಿಗೆ ಹೀಗೆ ಆಡಲು ಬರುವುದಿಲ್ಲ. ದಿಂಬು ಕೆಲವನ್ನು ಸರಿ ಮಾಡಿ ಕೆಲವನ್ನು ತಪ್ಪು ಮಾಡುತ್ತದೆ. ಒಂದೂ ಬಿಡದೆ ಎಲ್ಲವನ್ನೂ ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಪೂರ್ತಿ ಗೊತ್ತಿರಬೇಕು. ಕಾನೂನಿನಲ್ಲಿ ತನಗೊಂದು ಕಲಮು ಇಲ್ಲದವಳು ಇದ್ದ ಎರಡರಲ್ಲೇ ತನಗೆ ಬೇಕಾದುದನ್ನು, ಯಂತ್ರ ತೆಗೆಯುವುದನ್ನು, ಆರಿಸಿಕೊಂಡಿದ್ದಳು.

ಪರದೆಯ ಮೇಲೆ ‘ಸ್ಪಂದನವಿಲ್ಲ’ ಎಂದು ಬಂತು. ಡಾಕ್ಟರ್ ನಫೀಸಾ ಅದನ್ನು ನೋಡಲಿಲ್ಲ, ಸಾಲಾಗಿದ್ದ ಕೆಂಪು ಗುರುತುಗಳನ್ನೇ ನೋಡುತ್ತಿದ್ದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಇದು ಬರೇ ಗಾಳಿ ಅಲೆ ಇದ್ದಂಗ ಇಲ್ಲಲ್ರೀ ತುಳಸಾ,” ಅಂದಳು ಮೆಲ್ಲಗೆ. “ಎಲ್ಲಾ ತಿರುಗಾಮುರುಗಾ ಐತಿ. ನೀವು ಹೂಂ ಅಂದ್ರ ನಾ ಮತ್ತೊಂದು ಪರೀಕ್ಷೆ ಬರದು ಕೊಡ್ತೀನಿ. ಇದನ್ನ ತೋರಿಸಿದ್ರ ಯಂತ್ರ ಉಳೀತೈತಿ. ನಿಮಗ ಏನ ಅನಸ್ತತಿ, ಒಳಗ ಅದಾರೇನು?”

ತುಳಸಾ ಈರಬಸಪ್ಪನ ಕಡೆ ನೋಡಿದಳು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ, ಭುಜ ಅಲುಗುತ್ತಿತ್ತು. ಅವಳು ಅಕ್ಕನನ್ನು ನೋಡಿದಳು. ಅದೇ ಮುಖ, ಅದೇ ಅರೆಮುಚ್ಚಿದ ಕಣ್ಣು, ಯಂತ್ರ ಏರಿಸಿ ಇಳಿಸುತ್ತಿದ್ದ ಅದೇ ಎದೆ. ಹೂಂ ಎಂಬುದು ಒಂದೇ ಅಕ್ಷರದ ಮಾತು. ಅಂದರೆ ಅಕ್ಕ ಉಳಿಯುತ್ತಾಳೆ. ನಾಳೆಯೂ ಬಸ್ಸು ಹಿಡಿದು ಬರಬಹುದು, ಕಾಲು ಒತ್ತಬಹುದು, ಆಡಬಹುದು. ತುಳಸಾಳಿಗೆ ಅದು ಎಷ್ಟು ಬೇಕಿತ್ತೆಂದರೆ ನಾಲಗೆಯ ತುದಿಯಲ್ಲಿ ಬಂದು ಕೂತಿದ್ದ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕಾಯಿತು.

“ಇಲ್ರೀ ಮೇಡಂ,” ಅಂದಳು. “ಯಾರೂ ಇಲ್ಲ.”

ಡಾಕ್ಟರು ಅವಳನ್ನೇ ದಿಟ್ಟಿಸಿದಳು. ಆಮೇಲೆ ಮತ್ತೇನೂ ಕೇಳದೆ ಪರದೆಯ ಕೆಳಗೆ ಸಹಿ ಹಾಕಿದಳು.

ಪಟ್ಟಿ ಬಿಚ್ಚುವ ನೆಪದಲ್ಲಿ ತುಳಸಾ ಬಗ್ಗಿ ಅಕ್ಕನ ಕಿವಿಗೆ ಬಾಯಿಟ್ಟಳು. ಬೇರೆಯವರಿಗೆ ಕೇಳಿಸದ ಹಾಗೆ, “ಕೇಳಿಸ್ತು ಅಕ್ಕಾ,” ಅಂದಳು. ಆಮೇಲೆ ಹಣೆಯ ಮೇಲಿನ ಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಳು.